ತೊಡಕಿನ ಜೋಡಿಪದಗಳು ಮತ್ತು ಅವುಗಳ ಬೇರು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಅರಸೀಕೆರೆ ಒಂದು ದೊಡ್ಡ ಜಂಕ್ಷನ್. ಹಾಸನ, ಮಂಗಳೂರುಗಳ ಕಡೆಯ ದಾರಿ ಕವಲೊಡೆಯುವುದು ಇಲ್ಲಿಯೇ. ಈ ನಿಲ್ದಾಣಕ್ಕೆ ರೈಲೊಂದು ಬಂದು ನಿಂತಿತೆಂದು ಭಾವಿಸೋಣ. ನಿಂತಿರುವ ಆ ರೈಲನ್ನು ಇಂಗ್ಲಿಷಿನಲ್ಲಿ 'ಸ್ಟೇಷನರಿ' ಎಂದು ವರ್ಣಿಸುತ್ತಾರೆ. ನಿಲ್ದಾಣದ ಹೊರಗೆ ಪೇಟೆಯಲ್ಲಿ ಕಾಗದ, ಲೇಖನಿ, ನೋಟುಪುಸ್ತಕಗಳನ್ನು ಮಾರುವ ಅಂಗಡಿಯ ಹಲಗೆಯ ಮೇಲೂ 'ಸ್ಟೇಷನರಿ' ಎಂದೇ ಬರೆದಿರುತ್ತದೆ. ಕಿವಿಗೆ ಎರಡೂ ಒಂದೇ. ಕನ್ನಡ ಲಿಪಿಯಲ್ಲಿಯೂ ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಮೊದಲನೆಯದರಲ್ಲಿ 'ಎನ್' ಅಕ್ಷರದ ಬಳಿಕ 'ಎ' ಬರುತ್ತದೆ, ಎರಡನೆಯದರಲ್ಲಿ 'ಇ' ಬರುತ್ತದೆ.

ಒಂದು ಅಕ್ಷರದ ಈ ಭೇದದಿಂದ ಏನು ಮಹಾ ಹಾನಿ ಎಂದು ವಿದ್ಯಾರ್ಥಿಗಳು ಕೇಳಬಹುದು. ತಂತಿಯಲ್ಲಿ ಹುಟ್ಟುವ 'ಸ್ಟೇಷನರಿ' ತರಂಗಗಳನ್ನು ಕುರಿತು ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಬರೆಯುವಾತನು 'ಎ' ಎಂಬಲ್ಲಿ 'ಇ' ಬರೆದರೆ, ಅವನ ವಾಕ್ಯಕ್ಕೆ 'ಲೇಖನಸಾಮಗ್ರಿಯ ತರಂಗಗಳು' ಎಂಬ ಅರ್ಥ ಬರುತ್ತದೆ. ಇದು ನಗುವ ಮಾತಾದರೂ ಇದರ ಹಿಂದೆ ಗಂಭೀರವಾದ ಸಂಗತಿಯೊಂದಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನವನ್ನು ಕಲಿತು, ಬಳಿಕ ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದ ಹುಡುಗ ಹುಡುಗಿಯರು ಇಂಥ ಪದಗಳ ಮುಂದೆ ಮತ್ತೆ ಮತ್ತೆ ಎಡವುತ್ತಾರೆ. ಎಡವಿ, ತಮಗೆ ವಿಜ್ಞಾನವೇ ಬಾರದೆಂದು ತೀರ್ಮಾನಿಸಿ ಆ ಹಾದಿಯನ್ನೇ ಬಿಟ್ಟುಬಿಡುವುದೂ ಉಂಟು. ನಿಜವಾಗಿ ಅವರಿಗೆ ಬಾರದಿರುವುದು ವಿಜ್ಞಾನವಲ್ಲ. ಪದದ ಕುಲಗೋತ್ರವನ್ನು ಅವರಿಗೆ ಯಾರೂ ತಿಳಿಸಿಕೊಟ್ಟಿರುವುದಿಲ್ಲ, ಅಷ್ಟೆ. ಬೇರನ್ನು ತಿಳಿದರೆ ತೊಡಕು ಬಹುಮಟ್ಟಿಗೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಇಂಥ ಕೆಲವು ಜೋಡಿಗಳ ಬೇರುಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಎರಡು ಮನೆತನಗಳು

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸಾರಿದನು. ಇಂಗ್ಲಿಷ್ ಕೂಡ ಅದೇ ಕುಟುಂಬಕ್ಕೆ ಸೇರಿದ ಭಾಷೆ. ಕನ್ನಡವಾದರೋ ಬೇರೆ ಮನೆತನದ್ದು. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಒಂದು ಪ್ರತ್ಯೇಕ ಕುಟುಂಬವೆಂದು ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ ತೋರಿಸಿದನು. 1856ರಲ್ಲಿ ಕಾಲ್ಡ್‌ವೆಲ್ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಆದರೆ ಕನ್ನಡವು ಸಂಸ್ಕೃತದಿಂದ ಸಾವಿರಾರು ಪದಗಳನ್ನು ಎರವಲು ಪಡೆದಿದೆ. ಆದ್ದರಿಂದ ಇಂಗ್ಲಿಷಿನ ಅನೇಕ ಶಾಸ್ತ್ರಪದಗಳಿಗೆ ನಮ್ಮ ಮಾತಿನಲ್ಲಿಯೇ ದಾಯಾದಿಗಳಿದ್ದಾರೆ. ಆ ದಾಯಾದಿಗಳನ್ನು ಗುರುತಿಸಿದರೆ ಇಂಗ್ಲಿಷ್ ಪದವು ಅಪರಿಚಿತವಾಗಿ ಉಳಿಯುವುದಿಲ್ಲ.

ನಿಂತ ರೈಲು, ನಿಂತ ಅಂಗಡಿ

'ಸ್ಟೇಷನ್' ಎಂಬುದರ ಮೂಲ ಲ್ಯಾಟಿನಿನ 'ಸ್ಟಾರೆ' ಧಾತು. ಅದಕ್ಕೆ ನಿಲ್ಲು ಎಂದರ್ಥ. ಸಂಸ್ಕೃತದಲ್ಲಿ ಇದರ ಸೋದರಧಾತು 'ಸ್ಥಾ'. ಸ್ಥಾನ, ಸ್ಥಿತಿ, ಸ್ಥಿರ, ಸ್ಥಾವರ ಎಂಬ ಪದಗಳೆಲ್ಲ ಅದರಿಂದ ಬಂದವು. 'ಸ್ಥಾನ' ಎಂಬುದರ ತದ್ಭವ 'ತಾಣ'. 'ನಿಲ್' ಎಂಬ ಅಚ್ಚಗನ್ನಡ ಧಾತುವಿಗೆ 'ತಾಣ' ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ 'ನಿಲ್ದಾಣ'ವಾಯಿತು. ಹೀಗೆ 'ಸ್ಟೇಷನ್' ಪದದಲ್ಲಿರುವ ಧಾತುವೇ ನಮ್ಮ 'ನಿಲ್ದಾಣ'ದ ಉತ್ತರಾರ್ಧದಲ್ಲಿ ಅಡಗಿದೆ. ಪೊಲೀಸ್ 'ಠಾಣೆ'ಯ ಮೂಲವೂ 'ಸ್ಥಾನ'ವೇ. 'ಬಸ್ ಸ್ಟ್ಯಾಂಡ್' ಎಂಬಲ್ಲಿನ 'ಸ್ಟ್ಯಾಂಡ್' ಕೂಡ ಅದೇ ಬಳ್ಳಿಯ ಕಾಯಿ.

ನಿಲ್ಲುವುದೆಂಬ ಅರ್ಥದಿಂದ 'ನಿಶ್ಚಲ' ಎಂಬ ಅರ್ಥದ ವಿಶೇಷಣ ಹುಟ್ಟಿದ್ದು ಸಹಜ. ಆದರೆ ಲೇಖನಸಾಮಗ್ರಿಗೆ ಆ ಹೆಸರು ಬಂದದ್ದು ಹೇಗೆ? ಮಧ್ಯಯುಗದ ಯೂರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ನಮ್ಮ ಸಂತೆಯ ವ್ಯಾಪಾರಿಗಳಂತೆ ಊರಿಂದೂರಿಗೆ ಸರಕು ಹೊತ್ತು ತಿರುಗುವವರು. ವಿಶ್ವವಿದ್ಯಾನಿಲಯಗಳ ಬಳಿ ಪುಸ್ತಕ ಮಾರುವವರು ಮಾತ್ರ ಒಂದೆಡೆ ಅಂಗಡಿ ಹೂಡಿ ನೆಲೆನಿಂತರು. ನೆಲೆನಿಂತವನಾದ್ದರಿಂದ ಅಂಥವನಿಗೆ 'ಸ್ಟೇಷನರ್' ಎಂಬ ಹೆಸರಾಯಿತು. ಲಂಡನ್ನಿನ ಸ್ಟೇಷನರರ ಸಂಘಕ್ಕೆ 1557ರಲ್ಲಿ ರಾಜಸನ್ನದು ದೊರೆಯಿತು. ಸ್ಟೇಷನರನು ಮಾರುವ ಸರಕು 'ಸ್ಟೇಷನರಿ'. 'ಸ್ಟೇಷನರ್' ಪದವು 'ಇ', 'ಆರ್' ಅಕ್ಷರಗಳಿಂದ ಮುಗಿಯುವುದರಿಂದ ಆ 'ಇ' ಸರಕಿನ ಹೆಸರಿನಲ್ಲಿಯೂ ಉಳಿಯಿತು. ಮನುಷ್ಯನಿಂದ ಬಂದ ಪದಕ್ಕೆ 'ಇ', ನಿಶ್ಚಲತೆಯನ್ನು ಹೇಳುವ ಪದಕ್ಕೆ 'ಎ' ಎಂದು ನೆನಪಿಟ್ಟರೆ ಸಾಕು.

ಇನ್ನು ತರಂಗದ ವಿಷಯ. ಎರಡು ತುದಿಗಳನ್ನೂ ಬಿಗಿದ ವೀಣೆಯ ತಂತಿಯನ್ನು ಮೀಟಿದಾಗ ಎದುರುಬದುರಾಗಿ ಚಲಿಸುವ ಎರಡು ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ಆಗ ತಂತಿಯ ಕೆಲವು ಬಿಂದುಗಳು ಅಲುಗದೆ ನಿಲ್ಲುತ್ತವೆ. ಅವುಗಳ ನಡುವಣ ಭಾಗಗಳು ಇದ್ದೆಡೆಯಲ್ಲಿಯೇ ಕಂಪಿಸುತ್ತವೆ. ಅಲೆಯ ಆಕಾರವು ಮುಂದಕ್ಕೆ ಸಾಗುವುದಿಲ್ಲ. ಅದಕ್ಕಾಗಿಯೇ ಇದನ್ನು ಕನ್ನಡದಲ್ಲಿ ಸ್ಥಾಯೀ ತರಂಗವೆನ್ನುತ್ತೇವೆ. 'ಸ್ಥಾಯೀ' ಎಂಬುದರಲ್ಲಿಯೂ ಅದೇ 'ಸ್ಥಾ' ಧಾತು ಇದೆ. ಕನ್ನಡ, ಇಂಗ್ಲಿಷ್ ಪರಿಭಾಷೆಗಳೆರಡೂ ಇಲ್ಲಿ ಒಂದೇ ಬೇರಿನಿಂದ ಮೂಡಿವೆ.

ಮೊದಲೂ ಮೊದಲೂ

ಎರಡನೆಯ ಜೋಡಿ 'ಪ್ರಿನ್ಸಿಪಲ್'. ಕಾಲೇಜಿನ ಮುಖ್ಯಸ್ಥರೂ ಪ್ರಿನ್ಸಿಪಲ್. ಆರ್ಕಿಮಿಡೀಸನ ತತ್ತ್ವವೂ ಪ್ರಿನ್ಸಿಪಲ್. ಮುಖ್ಯಸ್ಥರದು 'ಎ', 'ಎಲ್' ಅಕ್ಷರಗಳಿಂದಲೂ, ತತ್ತ್ವದ್ದು 'ಎಲ್', 'ಇ' ಅಕ್ಷರಗಳಿಂದಲೂ ಮುಗಿಯುತ್ತವೆ. ಎರಡರ ಮೂಲವೂ ಲ್ಯಾಟಿನಿನ 'ಪ್ರಿನ್ಸೆಪ್ಸ್' ಎಂಬ ಪದ. ಮೊದಲ ಸ್ಥಾನವನ್ನು ಹಿಡಿದವನು ಎಂದು ಅದರ ಅರ್ಥ. ಇದರಿಂದ 'ಮುಖ್ಯವಾದ' ಎಂಬ ಅರ್ಥದ ಒಂದು ಪದವೂ, 'ಆರಂಭ, ಆಧಾರ' ಎಂಬ ಅರ್ಥದ 'ಪ್ರಿನ್ಸಿಪಿಯಂ' ಎಂಬ ಇನ್ನೊಂದು ಪದವೂ ಹುಟ್ಟಿದವು. ಎರಡನೆಯದರ ಬಹುವಚನವೇ 'ಪ್ರಿನ್ಸಿಪಿಯ'. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮಹಾಗ್ರಂಥವು ಈ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆರಂಭಕ್ಕೂ ಮುಖ್ಯತೆಗೂ ಇರುವ ಈ ನಂಟನ್ನು ಅರಿಯಲು ಕನ್ನಡಿಗರು ಲ್ಯಾಟಿನ್ ಕಲಿಯಬೇಕಾಗಿಲ್ಲ. ನಮ್ಮ 'ಮೊದಲು' ಎಂಬ ಪದಕ್ಕೆ ಆರಂಭವೆಂಬ ಅರ್ಥವೂ ಇದೆ, ಅಸಲು ಹಣವೆಂಬ ಅರ್ಥವೂ ಇದೆ. ವ್ಯಾಪಾರದಲ್ಲಿ ಹೂಡಿದ ಹಣವೇ ಮುಳುಗಿದಾಗ 'ಮೊದಲಿಗೇ ಮೋಸ' ಎನ್ನುತ್ತೇವಲ್ಲವೆ? ಸಾಲದ ಅಸಲಿಗೂ ಇಂಗ್ಲಿಷಿನಲ್ಲಿ 'ಪ್ರಿನ್ಸಿಪಲ್' ಎಂದೇ ಹೆಸರು. ಬಡ್ಡಿಗೆ ಹೋಲಿಸಿದರೆ ಅದು ಮುಖ್ಯವಾದ್ದರಿಂದ 'ಎ', 'ಎಲ್' ಅಕ್ಷರಗಳ ಕಾಗುಣಿತವೇ ಅದಕ್ಕೆ ಸಲ್ಲುತ್ತದೆ. ಮಸೂರದ ಪ್ರಧಾನ ಅಕ್ಷ, ಪ್ರಧಾನ ನಾಭಿ ಎಂಬಲ್ಲಿಯೂ ಹಾಗೆಯೇ. ಎಲ್ಲಿ 'ಪ್ರಧಾನ' ಎಂಬ ಪದವನ್ನು ಇಟ್ಟರೆ ಹೊಂದುವುದೋ ಅಲ್ಲಿ 'ಎ', 'ಎಲ್'. ಎಲ್ಲಿ 'ತತ್ತ್ವ' ಎಂಬ ಪದ ಹೊಂದುವುದೋ ಅಲ್ಲಿ 'ಎಲ್', 'ಇ'.

ಮಸೂರದ ಹೆಸರನ್ನು ಎತ್ತಿದ ಮೇಲೆ ಅದನ್ನು ಕುರಿತು ಒಂದು ಮಾತು. 'ಲೆನ್ಸ್' ಎಂದರೆ ಲ್ಯಾಟಿನಿನಲ್ಲಿ ಚನ್ನಂಗಿ ಬೇಳೆಯ ಕಾಳು. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆ ಆ ಕಾಳನ್ನು ಹೋಲುವುದರಿಂದ ಅದಕ್ಕೆ ಈ ಹೆಸರಾಯಿತು. ಸಂಸ್ಕೃತದಲ್ಲಿ ಅದೇ ಕಾಳಿಗೆ 'ಮಸೂರ' ಎಂದು ಹೆಸರು. ನಮ್ಮ ಪಠ್ಯಪುಸ್ತಕಗಳು ಬಳಸುವ ಪದವೂ ಅದೇ. 'ಲೆನ್ಸ್' ಎಂಬುದರ ಕೊನೆಯ 'ಎಸ್' ಬಹುವಚನದ ಗುರುತಲ್ಲ, ಪದದ ಅಂಗವೇ. ಒಂದು ಮಸೂರವನ್ನು 'ಲೆನ್' ಎಂದು ಬರೆಯುವುದು ತಪ್ಪು.

ಜರಡಿ ಮತ್ತು ವಿವೇಕ

'ಡಿಸ್ಕ್ರೀಟ್' ಎಂಬ ಉಚ್ಚಾರಣೆಗೆ ಎರಡು ಪದಗಳಿವೆ. ಒಂದಕ್ಕೆ 'ಬಿಡಿಬಿಡಿಯಾದ' ಎಂದರ್ಥ; ಇನ್ನೊಂದಕ್ಕೆ 'ವಿವೇಕದಿಂದ ವರ್ತಿಸುವ, ಮಾತನ್ನು ಹಿಡಿತದಲ್ಲಿಟ್ಟಿರುವ' ಎಂದರ್ಥ. ಎರಡೂ ಲ್ಯಾಟಿನಿನ ಒಂದೇ ಪದದ ಮಕ್ಕಳು. ಆ ಪದದೊಳಗಿರುವ 'ಕೆರ್ನೆರೆ' ಧಾತುವಿಗೆ ಜರಡಿ ಹಿಡಿ ಎಂಬುದೇ ಮೂಲಾರ್ಥ. ಜರಡಿಯಲ್ಲಿ ಬೇರ್ಪಟ್ಟ ವಸ್ತು ಬಿಡಿಬಿಡಿಯಾದುದು. ಒಳಿತು ಕೆಡುಕುಗಳನ್ನು ಬೇರ್ಪಡಿಸಬಲ್ಲ ಮನುಷ್ಯ ವಿವೇಕಿ. ನಮ್ಮ 'ವಿವೇಕ' ಎಂಬ ಪದವೂ 'ಬೇರ್ಪಡಿಸು' ಎಂಬ ಅರ್ಥದ 'ವಿಚ್' ಧಾತುವಿನಿಂದಲೇ ಬಂದಿದೆ. ದೂರದೂರದ ಎರಡು ನಾಡುಗಳ ಜನ ಬುದ್ಧಿಯ ಕೆಲಸವನ್ನು ಬೇರ್ಪಡಿಸುವ ಕೆಲಸಕ್ಕೆ ಹೋಲಿಸಿದ್ದಾರೆ.

ಭೌತಶಾಸ್ತ್ರಕ್ಕೆ ಬೇಕಾದುದು ಮೊದಲನೆಯ ಪದ. ಉಷ್ಣವಿಕಿರಣವನ್ನು ವಿವರಿಸಲು ಶಕ್ತಿಯನ್ನು ಬಿಡಿಬಿಡಿ ಅಂಶಗಳಾಗಿ ಎಣಿಸಬೇಕೆಂದು ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ತೋರಿಸಿದನು. ಪರಮಾಣುವಿನಲ್ಲಿ ಇಲೆಕ್ಟ್ರಾನಿಗೆ ಕೆಲವು ಗೊತ್ತಾದ ಶಕ್ತಿಮಟ್ಟಗಳು ಮಾತ್ರ ಸಾಧ್ಯವೆಂದು 1913ರಲ್ಲಿ ನೀಲ್ಸ್ ಬೋರ್ ಪ್ರತಿಪಾದಿಸಿದನು. ಹಳೇಬೀಡಿನ ಬಳಿಯ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಒಂದು ಸುಂದರವಾದ ಕಲ್ಯಾಣಿಯಿದೆ. ಅದಕ್ಕೆ ಇಳಿಯುವವನು ಒಂದು ಮೆಟ್ಟಿಲ ಮೇಲೆ ನಿಲ್ಲಬಹುದು, ಅದರ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಬಹುದು. ಎರಡರ ನಡುವೆ ನಿಲ್ಲಲಾರನು. ಜಲಜನಕದ ಪರಮಾಣುವಿನ ಸ್ಥಿತಿಯೂ ಹೀಗೆಯೇ. ಅದರ ಅತ್ಯಂತ ಕೆಳಗಿನ ಮಟ್ಟ ಋಣ 13.6 ಇಲೆಕ್ಟ್ರಾನ್ ವೋಲ್ಟ್, ಮುಂದಿನದು ಋಣ 3.4. ನಡುವೆ ಯಾವ ಮಟ್ಟವೂ ಇಲ್ಲ. ಆದುದರಿಂದ ಕೆಳಗಿನಿಂದ ಮೇಲಕ್ಕೇರಲು 10.2 ಇಲೆಕ್ಟ್ರಾನ್ ವೋಲ್ಟ್ ಒಂದೇ ಸಲಕ್ಕೆ ದೊರೆಯಬೇಕು.

ಕಾಗುಣಿತವನ್ನು ನೆನಪಿಡುವ ಉಪಾಯವೂ ಅರ್ಥದಲ್ಲಿಯೇ ಇದೆ. 'ಬಿಡಿಬಿಡಿ' ಎಂಬ ಅರ್ಥದ ಪದದಲ್ಲಿ ಎರಡು 'ಇ'ಗಳ ನಡುವೆ 'ಟಿ' ನಿಂತು ಅವನ್ನು ಬೇರ್ಪಡಿಸಿದೆ. ವಿವೇಕದ ಪದದಲ್ಲಿ ಎರಡು 'ಇ'ಗಳೂ ಅಂಟಿಕೊಂಡಿವೆ.

ತುಂಬುವ ಮಾತು

'ಕಾಂಪ್ಲಿಮೆಂಟ್' ಎಂಬ ಜೋಡಿಯದೂ ಇಂಥದೇ ಕಥೆ. 'ಎಲ್' ಅಕ್ಷರದ ಬಳಿಕ 'ಇ' ಬಂದರೆ ಪೂರಕವಾದುದು. 'ಐ' ಬಂದರೆ ಹೊಗಳಿಕೆಯ ಮಾತು. ಎರಡಕ್ಕೂ ಮೂಲ 'ತುಂಬು' ಎಂಬ ಅರ್ಥದ ಲ್ಯಾಟಿನ್ ಧಾತು. ಕೊರತೆಯನ್ನು ತುಂಬುವುದು ಪೂರಕ. ಶಿಷ್ಟಾಚಾರದ ಸಲ್ಲಿಕೆಯನ್ನು ತುಂಬಿಕೊಡುವುದು ಹೊಗಳಿಕೆ. ಎರಡನೆಯದು ಸ್ಪೇನ್, ಇಟಲಿಗಳ ಭಾಷೆಗಳ ಮೂಲಕ ಸುತ್ತಿ ಬಂದುದರಿಂದ ಅದರ ಸ್ವರ ಬದಲಾಯಿತು. ಗಣಿತದಲ್ಲಿ ಪೂರಕ ಕೋನಗಳು ಸೇರಿ 90 ಡಿಗ್ರಿಯನ್ನು ತುಂಬುತ್ತವೆ. ಹಳದಿ ಬೆಳಕೂ ನೀಲಿ ಬೆಳಕೂ ತಕ್ಕ ಪ್ರಮಾಣದಲ್ಲಿ ಕೂಡಿ ಬಿಳಿಯ ಬೆಳಕಾಗುತ್ತವೆ, ಅವು ಪೂರಕವರ್ಣಗಳು. ಲೇಖಕನೊಬ್ಬ ಗೆಳೆಯನಿಗೆ ಕಳುಹಿಸುವ ಗೌರವಪ್ರತಿಗೆ ಮಾತ್ರ 'ಐ' ಅಕ್ಷರದ ಪದ ಸಲ್ಲುತ್ತದೆ.

ಲ್ಯಾಟಿನಿನ 'ಪ್ಲೇನುಸ್', ಸಂಸ್ಕೃತದ 'ಪೂರ್ಣ', ಇಂಗ್ಲಿಷಿನ 'ಫುಲ್' ಈ ಮೂರೂ ಒಂದೇ ಮೂಲದವು. 'ಪೂರ್ಣ'ದ ಪಕಾರವು 'ಫುಲ್' ಎಂಬಲ್ಲಿ ಬೇರೆಯಾದುದು ಆಕಸ್ಮಿಕವಲ್ಲ. ಸಂಸ್ಕೃತದ ಪಕಾರಕ್ಕೆ ಪ್ರತಿಯಾಗಿ ಇಂಗ್ಲಿಷಿನಲ್ಲಿ 'ಎಫ್' ಬರುವುದು ಒಂದು ನಿಯಮ: ಪಿತೃ, ಫಾದರ್, ಪಾದ, ಫುಟ್. ಯಾಕೋಬ್ ಗ್ರಿಮ್ 1822ರಲ್ಲಿ ಈ ಬಗೆಯ ವ್ಯತ್ಯಾಸಗಳನ್ನು ಕ್ರಮಬದ್ಧವಾಗಿ ವಿವರಿಸಿದನು. ಕನ್ನಡಿಗರಿಗೆ ಇದು ಹೊಸತೇನಲ್ಲ. ಹಳಗನ್ನಡದ ಪಾಲು, ಪೂವು, ಪಗಲ್ ಎಂಬವು ಹಾಲು, ಹೂವು, ಹಗಲು ಎಂದಾದವು. ಬೇಲೂರು ಹಳೇಬೀಡುಗಳ ದೇಗುಲಗಳನ್ನು ಕಟ್ಟಿಸಿದ ಅರಸರ ಮನೆತನದ ಹೆಸರೂ ಶಾಸನಗಳಲ್ಲಿ 'ಪೊಯ್ಸಳ' ಎಂದು ಕಾಣಿಸಿಕೊಂಡು ಮುಂದೆ 'ಹೊಯ್ಸಳ' ಎಂದು ನಿಂತಿತು. ಭೌತಶಾಸ್ತ್ರದಂತೆ ಭಾಷಾಶಾಸ್ತ್ರವೂ ನಿಯಮಗಳನ್ನು ಹುಡುಕುವ ಶಾಸ್ತ್ರ.

ಮುದ್ದೆ ಮತ್ತು ಹೊರೆ

ಇದುವರೆಗೆ ಉಚ್ಚಾರಣೆಯ ತೊಡಕನ್ನು ನೋಡಿದೆವು. ಉಚ್ಚಾರಣೆ ಬೇರೆಯಾಗಿದ್ದೂ ಅರ್ಥದಲ್ಲಿ ತೊಡಕಾಗುವ ಪದಗಳು ಇನ್ನೂ ಅಪಾಯಕರ. ಅವುಗಳಲ್ಲಿ ಮೊದಲನೆಯವು 'ಮಾಸ್' ಮತ್ತು 'ವೆಯ್ಟ್'.

'ಮಾಸ್' ಎಂಬುದರ ಮೂಲ ಗ್ರೀಕರ 'ಮಾಜ಼'. ಜವೆಯ ಹಿಟ್ಟನ್ನು ನಾದಿ ಮಾಡಿದ ಮುದ್ದೆ. ಹಾಸನದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಯಲ್ಲಿರುವ ರಾಗಿಮುದ್ದೆಯಲ್ಲಿ ಎಷ್ಟು ದ್ರವ್ಯವಿದೆಯೋ ಅದು ಅದರ 'ಮಾಸ್'. ಕನ್ನಡದ 'ದ್ರವ್ಯರಾಶಿ' ಎಂಬ ಪದದಲ್ಲಿ ಮುದ್ದೆಯ ಬದಲು ಕಣದ ರಾಶಿಯಿದೆ. ಭಾವ ಮಾತ್ರ ಒಂದೇ. 'ವೆಯ್ಟ್' ಎಂಬುದರ ಮೂಲಾರ್ಥ ಹೊರುವುದು, ಸಾಗಿಸುವುದು. ಸಂಸ್ಕೃತದ 'ವಹ್' ಧಾತು ಇದರ ಸೋದರ. ವಾಹನ, ವಹಿಸು, ಪ್ರವಾಹ ಎಂಬವು ನಮ್ಮಲ್ಲಿಯೂ, ವ್ಯಾಗನ್, ವೆಹಿಕಲ್ ಎಂಬವು ಇಂಗ್ಲಿಷಿನಲ್ಲಿಯೂ ಈ ಕುಲದವು. ಮುದ್ದೆಯೆಂಬುದು ತನ್ನಷ್ಟಕ್ಕೆ ತಾನಿರುವ ವಸ್ತು. ಹೊರೆಯೆಂಬುದು ಹೊರುವವನ ಅನುಭವಕ್ಕೆ ಬರುವ ಬಲ. ಭೌತಶಾಸ್ತ್ರವು ಮಾಡುವ ಭೇದವೂ ಇದೇ.

60 ಕಿಲೋಗ್ರಾಂ ದ್ರವ್ಯರಾಶಿಯುಳ್ಳ ಮನುಷ್ಯನನ್ನು ಭೂಮಿಯು ಸುಮಾರು 588 ನ್ಯೂಟನ್ ಬಲದಿಂದ ಸೆಳೆಯುತ್ತದೆ; ಇದು ಅವನ ತೂಕ. ಚಂದ್ರನ ಮೇಲೆ ಅವನ ತೂಕ ಸುಮಾರು 97 ನ್ಯೂಟನ್ ಮಾತ್ರ. ಆದರೆ ಅವನ ದ್ರವ್ಯರಾಶಿ ಅಲ್ಲಿಯೂ 60 ಕಿಲೋಗ್ರಾಮೇ. ಸ್ಪ್ರಿಂಗ್ ತ್ರಾಸು ಚಂದ್ರನ ಮೇಲೆ ಬೇರೆ ಅಂಕೆಯನ್ನು ತೋರಿಸುತ್ತದೆ. ಎರಡು ತಟ್ಟೆಯ ತಕ್ಕಡಿ ಅಲ್ಲಿಯೂ ಸಮನಾಗಿಯೇ ನಿಲ್ಲುತ್ತದೆ, ಏಕೆಂದರೆ ಅದು ದ್ರವ್ಯರಾಶಿಯನ್ನು ದ್ರವ್ಯರಾಶಿಯೊಡನೆ ಹೋಲಿಸುತ್ತದೆ. ಸಂತೆಯಲ್ಲಿ 'ತೂಕ ಎಷ್ಟು ಕಿಲೋ' ಎಂದು ಕೇಳುವುದರಿಂದ ಯಾರಿಗೂ ನಷ್ಟವಿಲ್ಲ. ಪರೀಕ್ಷೆಯಲ್ಲಿ ತೂಕಕ್ಕೆ ಕಿಲೋಗ್ರಾಂ ಎಂಬ ಮಾನವನ್ನು ಬರೆದರೆ ಮಾತ್ರ ಇಡೀ ಲೆಕ್ಕವೇ ಕೆಡುತ್ತದೆ.

ನಿಘಂಟೇ ತೊಡಕಿದಾಗ

ವಿದ್ಯಾರ್ಥಿಗಳು ಮಾತ್ರವೇ ಹೀಗೆ ತೊಡಕಿಕೊಳ್ಳುವವರೆಂದು ತಿಳಿಯಬಾರದು. ಅರಸೀಕೆರೆಯ ಸುತ್ತಮುತ್ತ ತೆಂಗಿನ ತೋಟಗಳು ಹೇರಳ. ಇಲ್ಲಿಯ ಮಾರುಕಟ್ಟೆಗೆ ಕೊಬ್ಬರಿ ಬರುತ್ತದೆ. ತೆಂಗಿನಕಾಯಿಯ ಮೂರು ಕಣ್ಣುಗಳನ್ನು ಕಂಡ ಪೋರ್ಚುಗೀಸರಿಗೆ ಮಕ್ಕಳನ್ನು ಹೆದರಿಸುವ ಗುಮ್ಮನ ಮುಖ ನೆನಪಾಯಿತು. ಅವರು ಅದನ್ನು ತಮ್ಮ ಭಾಷೆಯಲ್ಲಿ 'ಕೊಕೊ' ಎಂದು ಕರೆದರು. ಚಾಕೊಲೆಟ್ ಮಾಡುವ ಬೀಜದ ಹೆಸರಾದರೋ ಮೆಕ್ಸಿಕೋ ದೇಶದ ನಾಹುಅಟ್ಲ್ ಭಾಷೆಯಿಂದ ಸ್ಪೇನಿನವರ ಮೂಲಕ ಬಂದ 'ಕಕಾವೊ'. ಎರಡಕ್ಕೂ ಯಾವ ನಂಟೂ ಇಲ್ಲ. ಆದರೆ 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿ ಇವೆರಡೂ ಒಂದೇ ಶಿರೋನಾಮೆಯ ಕೆಳಗೆ ಸೇರಿಹೋದವು. ಅಲ್ಲಿಂದ ಮುಂದೆ 'ಕಕಾವೊ' ಎಂಬುದಕ್ಕೆ 'ಕೋಕೋ' ಎಂಬ ರೂಪವೇ ಇಂಗ್ಲಿಷಿನಲ್ಲಿ ಬೇರೂರಿತು. ಸಸ್ಯಶಾಸ್ತ್ರಜ್ಞರ ಹೆಸರುಗಳು ಮಾತ್ರ ಈ ಗೊಂದಲಕ್ಕೆ ಸಿಕ್ಕಲಿಲ್ಲ: ತೆಂಗು 'ಕೋಕೋಸ್ ನ್ಯೂಸಿಫೆರ', ಕೋಕೋ 'ಥಿಯೋಬ್ರೋಮ ಕಕಾವೊ'. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಈ ಎರಡು ಬೆಳೆಗಳನ್ನೂ ಕುರಿತು ಸಂಶೋಧನೆ ನಡೆಯುತ್ತದೆ. ಅಂಥ ಕಡೆ ಹೆಸರು ತಪ್ಪಿದರೆ ಗಿಡವೇ ತಪ್ಪುತ್ತದೆ. ಶಾಸ್ತ್ರವು ನಿಷ್ಕೃಷ್ಟವಾದ ಹೆಸರಿಗಾಗಿ ಹಟ ಹಿಡಿಯುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆ

ಪದಮೂಲವನ್ನು ಹುಡುಕುವ ಹವ್ಯಾಸ ಹತ್ತಿದವರಿಗೆ ಎಲ್ಲೆಲ್ಲಿಯೂ ನಂಟು ಕಾಣತೊಡಗುತ್ತದೆ. ಕನ್ನಡದ 'ಒಂದು' ಇಂಗ್ಲಿಷಿನ 'ಒನ್' ಎಂಬುದನ್ನೂ, 'ಎಂಟು' ಅಲ್ಲಿಯ 'ಏಟ್' ಎಂಬುದನ್ನೂ ಹೋಲುತ್ತವೆ. ಆದರೆ ಇದು ಬರಿಯ ಆಕಸ್ಮಿಕ. 'ಏಟ್' ಎಂಬುದು ಸಂಸ್ಕೃತದ 'ಅಷ್ಟ'ಕ್ಕೆ ದಾಯಾದಿ. 'ಎಂಟು' ತಮಿಳಿನ 'ಎಟ್ಟು' ಎಂಬುದರ ಒಡಹುಟ್ಟು. ಹಳೆಯ ರೂಪಗಳನ್ನು ನೋಡದೆ ಈಗಿನ ದನಿಯನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ.

ಕಥೆಗಳ ಮೋಸವೂ ಇದೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಆ ಊರಿಗೆ 'ಬೆಂದಕಾಳೂರು' ಎಂಬ ಹೆಸರಾಗಿ ಮುಂದೆ ಅದೇ ಬೆಂಗಳೂರಾಯಿತು ಎಂಬ ಕಥೆಯನ್ನು ಕೇಳದವರಿಲ್ಲ. ಎರಡನೆಯ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ವೀರಗಲ್ಲಿನ ಶಾಸನದಲ್ಲಿಯೇ 'ಬೆಂಗಳೂರು' ಎಂಬ ಹೆಸರಿದೆ. ಅರಸನಿಗಿಂತ ಊರಿನ ಹೆಸರು ಸುಮಾರು 300 ವರ್ಷ ಹಿರಿಯದು. ಕಥೆಯ ಸೊಗಸು ಬೇರೆ, ಪ್ರಮಾಣ ಬೇರೆ. ಪ್ರಯೋಗಶಾಲೆಯಲ್ಲಿ ಅಳತೆಯನ್ನು ನಂಬುವಂತೆ ಪದಗಳ ವಿಷಯದಲ್ಲಿ ಕಾಲವನ್ನೂ ಹಳೆಯ ಬರೆಹವನ್ನೂ ನಂಬಬೇಕು.

ಅಭ್ಯಾಸಕ್ರಮ

ವಿದ್ಯಾರ್ಥಿಗಳು ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳಬೇಕು. ಮೊದಲನೆಯದರಲ್ಲಿ ಇಂಗ್ಲಿಷ್ ಪದವನ್ನೂ ಅದರ ಕಾಗುಣಿತವನ್ನೂ, ಎರಡನೆಯದರಲ್ಲಿ ವ್ಯುತ್ಪತ್ತಿಯನ್ನು ಕೊಡುವ ಒಳ್ಳೆಯ ನಿಘಂಟಿನಿಂದ ಅದರ ಮೂಲವನ್ನೂ, ಮೂರನೆಯದರಲ್ಲಿ ಕನ್ನಡದ ದಾಯಾದಿಯನ್ನೋ ಸಮಾನಪದವನ್ನೋ ಬರೆಯಬೇಕು. 'ಕರೆಂಟ್' ಎಂಬ ಪದದಿಂದ ಆರಂಭಿಸಬಹುದು. ವಿದ್ಯುತ್ಪ್ರವಾಹದ ಪದವು 'ಓಡು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು, ಅದರಲ್ಲಿ 'ಇ' ಇದೆ. ಹೆಚ್ಚುಕಡಿಮೆ ಅದೇ ದನಿಯ, 'ಎ' ಅಕ್ಷರವುಳ್ಳ ಇನ್ನೊಂದು ಪದವು ಸಣ್ಣ ಒಣದ್ರಾಕ್ಷಿಯ ಹೆಸರು. ಗ್ರೀಸಿನ ಕಾರಿಂತ್ ಪಟ್ಟಣದಿಂದ ಬಂದುದು.

ಈ ಕೆಳಗಿನ ಸಂದರ್ಭಗಳಲ್ಲಿ ಯಾವ ಕಾಗುಣಿತ ಸರಿ ಎಂಬುದನ್ನು ಕಾರಣಸಹಿತ ಬರೆಯಿರಿ:

1. ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಅರಸೀಕೆರೆಯ ನಿಲ್ದಾಣವು 'ಸ್ಟೇಷನರಿ'ಯಾಗಿ ಕಾಣುತ್ತದೆ. ಓಡುವ ರೈಲಿನಲ್ಲಿ ಕುಳಿತವನಿಗೆ ಹಾಗಲ್ಲ.

2. ದೂರದರ್ಶಕವು ಕೆಲಸ ಮಾಡುವ 'ಪ್ರಿನ್ಸಿಪಲ್' ಯಾವುದು? ಅದರ ಮಸೂರದ 'ಪ್ರಿನ್ಸಿಪಲ್' ಅಕ್ಷ ಯಾವುದು?

3. ರೋಹಿತದಲ್ಲಿ ಕಾಣುವ 'ಡಿಸ್ಕ್ರೀಟ್' ಗೆರೆಗಳು.

4. 35 ಡಿಗ್ರಿ ಕೋನದ 'ಕಾಂಪ್ಲಿಮೆಂಟ್' 55 ಡಿಗ್ರಿ.

ನಾಲ್ಕಕ್ಕೂ ಉತ್ತರ ಮೇಲಿನ ಪುಟಗಳಲ್ಲಿಯೇ ಇದೆ. ಪದವನ್ನು ಬಾಯಿಪಾಠ ಮಾಡಿ ಬರೆದವರು ನಾಳೆ ಮರೆಯಬಹುದು. ಬೇರನ್ನು ಹಿಡಿದು ಬರೆದವರಿಗೆ ಅದೇ ಬೇರಿನ ಇನ್ನೂ ಹತ್ತು ಪದಗಳು ಮುಂದಿನ ಪಾಠದಲ್ಲಿ ಪರಿಚಿತರಂತೆ ಎದುರಾಗುತ್ತವೆ.